ಮೂರು ದಿನ ಪಾಠ, ಮೂರು ದಿನ ಲಿಂಬೆ ಶೆಡ್ಡು

ಮ್ಯಾನೇಜ್‌ಮೆಂಟ್ ಎಂದರೇನು ಎಂಬುದನ್ನು ನಾನು ಕಲಿಯತೊಡಗಿದ್ದು ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದಾಗ. ಅದಕ್ಕೂ ಮೊದಲು ಇಪ್ಪತ್ತೆಂಟು ವರ್ಷ ಅದನ್ನು ಕಲಿಸಿದ್ದೆ.

ತಮಾಷೆಗೆ ಹೇಳುತ್ತಿಲ್ಲ. ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ನಾನು ವಾಣಿಜ್ಯ ವಿಭಾಗದ ಉಪನ್ಯಾಸಕಿ. ‘ನದಾಫ ಮೇಡಂ ನೋಟ್ಸು’ ಎಂದರೆ ಸುತ್ತಲಿನ ತಾಲೂಕುಗಳಲ್ಲೆಲ್ಲ ಹೆಸರಾಗಿತ್ತು. ನಿರ್ವಹಣೆಯ ಹದಿನಾಲ್ಕು ತತ್ವಗಳನ್ನು ಪುಸ್ತಕ ನೋಡದೆ ಬರೆಸುತ್ತಿದ್ದೆ. ನನ್ನ ನೋಟ್ಸಿನ ಝೆರಾಕ್ಸು ಮುದ್ದೇಬಿಹಾಳದ ಅಂಗಡಿಗಳಲ್ಲಿ ಸಿಗುತ್ತದೆ ಎಂದು ಯಾರೋ ಹೇಳಿದ ದಿನ ಮನೆಯಲ್ಲಿ ಶಿರಾ ಮಾಡಿದ್ದೆ. ಆ ಇಪ್ಪತ್ತೆಂಟು ವರ್ಷಗಳಲ್ಲಿ ಒಂದು ಅಂಗಡಿಯ ಗಲ್ಲೆಯ ಹಿಂದೆ, ಒಂದು ಮಿಲ್ಲಿನ ಒಳಗೆ ಅರ್ಧ ದಿನವೂ ನಿಂತು ನೋಡಿದವಳಲ್ಲ.

ಒಂದು ಮುಂಜಾನೆ ಪ್ರಾಚಾರ್ಯರಾದ ದೇಸಾಯಿಯವರು ಕರೆಸಿದರು. ಮೇಜಿನ ಮೇಲೆ ಒಂದು ಫೈಲು ಇತ್ತು.

“ಹೊಸಾ ಡಿಗ್ರಿ ಬಂದೈತ್ರಿ ಮೇಡಂ. ವಾರದಾಗ ಮೂರು ದಿನ ಪಾಠ, ಮೂರು ದಿನ ಕೆಲಸ. ಹುಡುಗರನ್ನ ಅಂಗಡಿಗೆ, ಮಿಲ್ಲಿಗೆ, ದವಾಖಾನಿಗೆ ಹಚ್ಚಬೇಕು. ಅಲ್ಲಿ ಮಾಡೋ ಕೆಲಸಕ್ಕೂ ಅಂಕ ಅದಾವ. ನೀವು ನೋಡ್ಕೊರಿ.”

“ಬ್ಯಾರೇದವರು ಯಾರೂ ಇಲ್ಲೇನ್ರಿ ಸರ?”

“ಎಲ್ಲಾರ್ನೂ ಕೇಳೇನಿ. ಎಲ್ಲಾರೂ ಒಲ್ಲೆ ಅಂದಾರ. ನೀವೂ ಒಲ್ಲೆ ಅಂದ್ರ ಫೈಲು ತಿರುಗಿ ಕಳಸ್ತೇನಿ.”

ನಾನೂ ಒಲ್ಲೆ ಎನ್ನಲೆಂದೇ ಫೈಲು ತೆರೆದೆ. ಹನ್ನೊಂದು ಅರ್ಜಿಗಳು ಆಗಲೇ ಬಂದಿದ್ದವು. ನಮ್ಮ ನಾಲ್ಕು ತಾಲೂಕುಗಳಲ್ಲಿ ಈ ಡಿಗ್ರಿ ಸಿಕ್ಕಿದ್ದು ನಮ್ಮ ಕಾಲೇಜಿಗೆ ಮಾತ್ರ. ಈ ಪದವಿಯನ್ನೇ ಏಕೆ ಆರಿಸಿಕೊಂಡಿರಿ ಎಂಬ ಪ್ರಶ್ನೆಗೆ ಇಂಡಿ ತಾಲೂಕಿನ ಅಗರಖೇಡದ ಭಾಗ್ಯಶ್ರೀ ಎಂಬ ಹುಡುಗಿ ಬರೆದಿದ್ದಳು: ‘ಕೆಲಸ ಮಾಡುತ್ತ ಓದುವುದಾದರೆ ಮಾತ್ರ ಮನೆಯಲ್ಲಿ ಕಾಲೇಜಿಗೆ ಬಿಡುತ್ತಾರೆ.’ ಫೈಲು ಮುಚ್ಚಿ ಬಗಲಲ್ಲಿ ಇಟ್ಟುಕೊಂಡು ಬಂದೆ.

ಮೊದಲ ಕೆಲಸ ಹನ್ನೊಂದು ಮಂದಿಗೆ ಹನ್ನೊಂದು ಜಾಗ ಹುಡುಕುವುದು. ಸಿಂದಗಿಯ ಒಂದು ಬಟ್ಟೆ ಅಂಗಡಿಯಿಂದ ಶುರು ಮಾಡಿದೆ. ಮಾಲೀಕ ಶಂಕ್ರಪ್ಪ, ಅರವತ್ತರ ಆಸುಪಾಸಿನವರು, ಬಿಳಿ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಮನೆಯಲ್ಲಿ ಸಿದ್ಧ ಮಾಡಿಕೊಂಡು ಬಂದಿದ್ದ ಭಾಷಣ ಬಿಗಿದೆ: ‘ನಮ್ಮ ಪ್ರಶಿಕ್ಷಣಾರ್ಥಿಗಳು ತಮ್ಮ ಸಂಸ್ಥೆಯ ಮಾನವ ಸಂಪನ್ಮೂಲದ ಉತ್ಪಾದಕತೆಯನ್ನು ವರ್ಧಿಸುವ ನಿಟ್ಟಿನಲ್ಲಿ...’

ಶಂಕ್ರಪ್ಪ ತಾಳ್ಮೆಯಿಂದ ಕೇಳಿದರು. ಮುಗಿದ ಮೇಲೆ, “ಚಾ ಕುಡೀರಿ ಮೇಡಂ. ಆಮ್ಯಾಲ ಅದನ್ನ ಕನ್ನಡದಾಗ ಹೇಳ್ರಿ” ಎಂದರು.

ಚಹಾ ಕುಡಿದು ಕನ್ನಡದಲ್ಲಿ ಹೇಳಿದೆ. ಒಬ್ಬ ಹುಡುಗನಿಗೆ ಒಪ್ಪಿದರು. “ಆದ್ರ ಮೊದಲ ಹೇಳ್ತೇನ್ರಿ, ನಮ್ಮಲ್ಲಿ ಹೊಸಬರು ಗಾದಿ ಜಾಡಸ್ತಾರ, ಕಸಾ ಹೊಡೀತಾರ. ಬಟ್ಟಿ ಮುಟ್ಟಾಕ ಆರು ತಿಂಗಳ ಬೇಕು.”

ಆಲಮೇಲದ ಸಿದ್ಧಾರೂಢನನ್ನು ಅಲ್ಲಿಗೆ ಹಚ್ಚಿದೆ. ಗಟ್ಟಿ ಹುಡುಗ, ಬೇಗ ಸಿಟ್ಟಿಗೇಳುವವನು. ತಿಂಗಳು ತುಂಬುವುದರೊಳಗೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದ. “ನಾ ಬಿ.ಬಿ.ಎ. ಓದಾಕ ಬಂದೇನೋ ಗಾದಿ ಜಾಡಸಾಕ ಬಂದೇನೋ, ಒಂದ ಮಾತು ಹೇಳ್ರಿ ಮೇಡಂ!”

ಅವನ ಪರವಾಗಿ ಜಗಳ ಆಡಬೇಕೆಂದೇ ಮಾರನೇ ದಿನ ಸಿಂದಗಿ ಬಸ್ಸು ಹತ್ತಿದೆ. ಅಂಗಡಿ ಆಗಷ್ಟೇ ತೆರೆದಿತ್ತು. ಸಿದ್ಧಾರೂಢ ಗಾದಿಗಳನ್ನು ಹೊರಗೆ ತಂದು ಕೊಡವುತ್ತಿದ್ದ. ನಾನು ಗಾದಿ ಮಾಡುವವರ ಮನೆಯ ಮಗಳು. ನಮ್ಮ ಅಪ್ಪ ಮುದ್ದೇಬಿಹಾಳದಲ್ಲಿ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರು. ಸಾಲಿಗೆ ಹೋಗುವಾಗ ನನ್ನ ತಲೆಗೂದಲಲ್ಲಿ ಹತ್ತಿ ಇರುತ್ತಿತ್ತು. ಹಾಗಾಗಿ ಕೈ ತಾನಾಗಿಯೇ ಒಂದು ಗಾದಿಯನ್ನು ಒತ್ತಿ ನೋಡಿತು. ನಡುವೆ ಹತ್ತಿ ಸಂಪೂರ್ಣ ಕೂತುಹೋಗಿತ್ತು.

“ಇದು ಎಲ್ಲಿದೋ?”

“ಹಿಂದಿನ ಮೂಲಿದ್ರಿ, ಖಣಾ ತೋರಸೋ ಕಡೇದು. ದಿನಾ ಜಾಡಿಸಿ ಸಾಕಾಗೇತ್ರಿ, ಅದೊಂದ ಹಿಂಗ ಕುಂದರತೈತಿ. ಮುಂದಿನ ಗಾದಿ ಹೊಸಾವು ಇದ್ದಂಗ ಉಬ್ಬಿಕೊಂಡ ಇರ್ತಾವ.”

ಹೇಳುತ್ತ ಹೇಳುತ್ತಲೇ ಅವನು ತಡೆದು ನಿಂತ. ನಾನೂ ನಿಂತೆ. ಇಬ್ಬರೂ ಅಂಗಡಿಯ ಒಳಗೆ ನೋಡಿದೆವು. ಮುಂದೆ, ಝಗಝಗ ದೀಪದ ಕೆಳಗೆ, ಸೂಟಿನ ಬಟ್ಟೆಗಳು. ಹಿಂದೆ, ಮಬ್ಬು ಮೂಲೆಯಲ್ಲಿ, ಕುಪ್ಪಸದ ಖಣಗಳು.

“ಮೇಡಂ,” ಎಂದ ಸಿದ್ಧಾರೂಢ, ಮೆಲ್ಲಗೆ, “ಮಂದಿ ಎಲ್ಲಿ ಕುಂದರತಾರ ಅನ್ನೋದು ಗಾದಿಗೆ ಗೊತ್ತೈತ್ರಿ!”

ಜಗಳದ ಮಾತೆಲ್ಲ ಮರೆತೇಹೋಯಿತು. ಒಂದು ವಾರ ಬರೀ ನೋಡು ಎಂದು ಹೇಳಿ ಬಂದೆ. ಅವನು ನೋಡಿದ. ಹೆಣ್ಣುಮಕ್ಕಳು ಖಣ ಕೈಯಲ್ಲಿ ಹಿಡಿದು ಬಣ್ಣ ನೋಡಲು ಬಾಗಿಲ ಬೆಳಕಿಗೆ ಎದ್ದು ಬರುತ್ತಾರೆ, ಮತ್ತೆ ಹಿಂದೆ ಹೋಗಿ ಕೂಡುತ್ತಾರೆ, ಮತ್ತೆ ಏಳುತ್ತಾರೆ; ಬೇಸತ್ತ ಕೆಲವರು ಹಾಗೆಯೇ ಮೆಟ್ಟಿಲಿಳಿದು ಹೋಗುತ್ತಾರೆ. ಇದನ್ನು ಶಂಕ್ರಪ್ಪನವರಿಗೆ ಅವನೇ ಹೇಳಬೇಕು, ನಾನು ಬಾಯಿ ಹಾಕಬಾರದು ಎಂದು ಗಟ್ಟಿ ಮನಸ್ಸು ಮಾಡಿದೆ. ಶಂಕ್ರಪ್ಪ ಮೊದಲು ನಕ್ಕರಂತೆ. ಆಮೇಲೆ ತಾವೇ ಹಿಂದಿನ ಗಾದಿಯನ್ನು ಒತ್ತಿ ನೋಡಿದರಂತೆ. ಮುಂದಿನ ವಾರ ಖಣಗಳು ದೀಪದ ಕೆಳಗೆ ಬಂದವು, ಸೂಟುಗಳು ಹಿಂದೆ ಹೋದವು. ಹತ್ತು ದಿನಕ್ಕೆ ಫೋನು ಬಂತು.

“ಮೇಡಂ, ಕುಂದರಾಕ ಜಾಗಾ ಸಾಲವಲ್ದು! ಇಂಥಾವ ಇನ್ನೊಬ್ಬ ಇದ್ರ ಕಳಸ್ರಿ. ಇವನಿಗೆ ನಾಳಿಂದ ಬಟ್ಟಿ ಮುಟ್ಟಾಕ ಹೇಳೇನಿ.”

ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕುಳಿತಿದ್ದೆ. ಮರುದಿನದಿಂದ ನೋಟ್ಸು ಬರೆಸುವುದನ್ನು ನಿಲ್ಲಿಸಿದೆ. ಪ್ರತಿಯೊಬ್ಬರಿಗೂ ಒಂದು ವಹಿ ಕೊಟ್ಟು, ಇವತ್ತು ಏನು ನೋಡಿದಿರಿ, ಯಾರನ್ನು ಏನು ಕೇಳಿದಿರಿ ಎಂದಷ್ಟೇ ಬರೆಯಲು ಹೇಳಿದೆ. ಸೋಮವಾರದ ತರಗತಿ ಸಂತೆಯಂತಾಗುತ್ತಿತ್ತು. ಹನ್ನೊಂದು ಮಂದಿಯೂ ಒಟ್ಟಿಗೆ ಮಾತನಾಡುತ್ತಿದ್ದರು. ಪಕ್ಕದ ಕೋಣೆಯ ಉಪನ್ಯಾಸಕರು ದೂರು ಕೊಟ್ಟರು. ನನಗೆ ಮಾತ್ರ ನೌಕರಿಗೆ ಸೇರಿದ ಮೊದಲ ವರ್ಷದ ಹುರುಪು ಬಂದಿತ್ತು.

ಆ ಹುರುಪಿನಲ್ಲೇ ನನ್ನ ಜೀವಮಾನದ ದೊಡ್ಡ ತಪ್ಪು ಮಾಡಿದೆ.

ಭಾಗ್ಯಶ್ರೀಗೆ ಸಿಕ್ಕಿದ್ದು ಇಂಡಿಯ ಒಂದು ಲಿಂಬೆ ಶೆಡ್ಡು. ಮಾಲೀಕ ಅಣ್ಣಾರಾಯ ಸಾವ್ಕಾರ್ರು. ಸುತ್ತಲಿನ ಹಳ್ಳಿಗಳಿಂದ ಬರುವ ಲಿಂಬೆಯನ್ನು ಅಲ್ಲಿ ಸುರಿದು, ಹತ್ತಿಪ್ಪತ್ತು ಹೆಂಗಸರು ಸಾಲಾಗಿ ಕುಳಿತು ಗಾತ್ರ, ಬಣ್ಣ ನೋಡಿ ಆರಿಸುತ್ತಾರೆ. ಚೀಲ ತುಂಬಿ ಲಾರಿಯಲ್ಲಿ ದೂರದ ಮಾರುಕಟ್ಟೆಗಳಿಗೆ ಕಳಿಸುತ್ತಾರೆ. ಆರಿಸುವವರಲ್ಲಿ ಹಿರಿಯಳು ಶಿವಗಂಗಮ್ಮ, ಹದಿನೆಂಟು ವರ್ಷದಿಂದ ಅದೇ ಶೆಡ್ಡಿನಲ್ಲಿದ್ದವಳು. ಭಾಗ್ಯಶ್ರೀಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕೆಲಸ ಕಲಿಸುತ್ತಿದ್ದವಳೂ ಅವಳೇ.

ಆ ಚಳಿಗಾಲ ಅಣ್ಣಾರಾಯರ ಮಾಲಿಗೆ ದೂರು ಬರತೊಡಗಿತು. ಇಲ್ಲಿಂದ ಚೆಂದವಾಗಿ ಹೋದ ಕಾಯಿ ಅಲ್ಲಿ ಚೀಲ ಬಿಚ್ಚಿದಾಗ ಸುಟ್ಟಂಥ ಕಂದು ಕಲೆ ಹೊತ್ತಿರುತ್ತಿದ್ದವು. ಹೀಗೇ ಆದರೆ ನಿಮ್ಮ ಮಾಲು ಬೇಡ ಎಂದು ಅಲ್ಲಿಯ ವ್ಯಾಪಾರಿ ಹೇಳಿದ್ದ. ಅಣ್ಣಾರಾಯರು ಒಂದು ದಿನ ನನಗೇ ಫೋನು ಮಾಡಿದರು.

“ಮೇಡಂ, ನಿಮ್ಮ ಮ್ಯಾನೇಜ್‌ಮೆಂಟು ಇದಕ್ಕೇನ ಹೇಳ್ತೈತ್ರಿ?”

ಇಪ್ಪತ್ತೆಂಟು ವರ್ಷಕ್ಕೆ ಒಬ್ಬ ವ್ಯಾಪಾರಿ ನನ್ನ ವಿದ್ಯೆಯನ್ನು ಕೇಳಿದ್ದ! ಉಬ್ಬಿಹೋದೆ. ಶೆಡ್ಡು ನೋಡಿರಲಿಲ್ಲ; ನೋಡಬೇಕು ಎಂದು ಹೊಳೆಯಲೂ ಇಲ್ಲ. ಭಾಗ್ಯಶ್ರೀಯನ್ನು ಕರೆದು, ಇದು ಮೇಲ್ವಿಚಾರಣೆಯ ಕೊರತೆ, ಒಂದು ವರದಿ ಬರಿ ಎಂದೆ.

ಅವಳು ಹಿಂದೇಟು ಹಾಕಿದಳು. “ಶಿವಗಂಗಮ್ಮನ ಕಣ್ಣು ಭಾಳ ಚೂಪ ಅದಾವ್ರಿ ಮೇಡಂ. ಆಕಿ ಕೈಯಾಗ ಕೆಟ್ಟ ಕಾಯಿ ದಾಟೂದುಲ್ರಿ.”

“ಹಂಗಾರ ಕೆಟ್ಟ ಕಾಯಿ ಚೀಲದಾಗ ಹೆಂಗ ಹೋಗ್ತಾವ? ನೋಡವ್ರು ಸರಿ ಇಲ್ಲ ಅಂತ ಆತಲ್ಲ? ಬರಿ.”

ಬರೆದಳು. ನಾನು ಎರಡು ಸಲ ತಿದ್ದಿದೆ. ಟೈಪು ಮಾಡಿಸಿ, ಕಾಲೇಜಿನ ಹೆಸರಿದ್ದ ರಟ್ಟು ಹಾಕಿಸಿ ಕಳಿಸಿದೆ. ‘ಆರಿಸುವ ವಿಭಾಗದ ಮುಖ್ಯಸ್ಥರ ನಿಯಂತ್ರಣ ಸಮರ್ಪಕವಾಗಿಲ್ಲ’ ಎಂಬ ವಾಕ್ಯ ಪೂರ್ತಿ ನನ್ನದು. ನಾಲ್ಕನೇ ದಿನ ಅಣ್ಣಾರಾಯರು ಆ ವರದಿಯನ್ನು ಕೈಯಲ್ಲಿ ಹಿಡಿದೇ ಶಿವಗಂಗಮ್ಮನಿಗೆ ನಾಳೆಯಿಂದ ಬರಬೇಡ ಎಂದರು.

ಸೋಮವಾರ ಭಾಗ್ಯಶ್ರೀ ತರಗತಿಗೆ ಬರಲಿಲ್ಲ. ಮಂಗಳವಾರ ಬಂದವಳು ನನ್ನ ಮೇಜಿನ ಎದುರು ನಿಂತಳು, ಕೂಡಲಿಲ್ಲ.

“ಆ ವರದಿ ಮ್ಯಾಲ ನನ್ನ ಹೆಸರ ಐತ್ರಿ ಮೇಡಂ. ಶಿವಗಂಗಮ್ಮಗ ಓದಾಕ ಬರೂದುಲ್ಲ. ‘ಅದರಾಗ ಏನ ಬರದಿ ತಂಗಿ?’ ಅಂತ ನನ್ನ ಕೇಳಿದ್ಲು. ನಾ ಏನಂತ ಹೇಳ್ಲಿ?” ಅವಳು ಅಳುತ್ತಿರಲಿಲ್ಲ. “ಒಬ್ಬಾಕಿ ಬಾಯಾಗಿನ ತುತ್ತು ಕಸಗೊಂಡು ಬರೋ ಡಿಗ್ರಿ ನನಗ ಬ್ಯಾಡ್ರಿ. ಬಿಡ್ತೇನಿ.”

ವಿದ್ಯಾರ್ಥಿನಿಯೊಬ್ಬಳ ಎದುರು ನನಗೆ ತಲೆ ತಗ್ಗಿಸುವಂತಾದದ್ದು ಅದೇ ಮೊದಲು. “ತಪ್ಪು ನಂದು ಭಾಗ್ಯಾ, ನಿಂದಲ್ಲ. ಬಿಡೂದಾದ್ರ ಮುಂದಿನ ವಾರ ಬಿಡು. ಈ ವಾರ ನನ್ನ ಕೂಡ ಇಂಡಿಗೆ ಬಾ.”

ಪ್ರಾಚಾರ್ಯರು ಕೇಳಿ ಗಾಬರಿಯಾದರು. ತಿಂಗಳ ಕೊನೆಗೆ ವಿಶ್ವವಿದ್ಯಾಲಯದ ತಂಡ ಬರುವುದಿತ್ತು. ಹನ್ನೊಂದೂ ಕಡೆಯ ಮಾಲೀಕರ ಸಹಿ ಇರುವ ಪ್ರಮಾಣಪತ್ರ ಇಲ್ಲದಿದ್ದರೆ ಕೋರ್ಸು ಮುಚ್ಚುತ್ತದೆ ಎಂದು ಸ್ಪಷ್ಟವಾಗಿ ಬರೆದಿದ್ದರು.

“ಸಾವ್ಕಾರ್ರಿಗೆ ಎದುರ ಹಾಕ್ಕೊಂಡ್ರ ಅವರು ಸಹಿ ಮಾಡ್ತಾರೇನ್ರಿ? ಒಬ್ಬ ಹೆಣ್ಣುಮಗಳ ಸಲುವಾಗಿ ಹನ್ನೊಂದು ಹುಡುಗರ ವರ್ಷಾ ಹಾಳ ಮಾಡಬ್ಯಾಡ್ರಿ. ಸುಮ್ನ ಸಹಿ ಮಾಡಿಸ್ಕೊಂಡು ಬಂದಬಿಡ್ರಿ.”

ದೇಸಾಯಿಯವರು ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ನಾನು ಮೂರು ದಿನ ರಜೆ ಬರೆದು ಕೊಟ್ಟು ಹೊರಟೆ.

ಮೊದಲು ಶಿವಗಂಗಮ್ಮನ ಮನೆಗೆ ಹೋದೆವು. ಅವಳು ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಆ ವಾಕ್ಯ ಬರೆದವಳು ನಾನು ಎಂದು ಹೇಳಿದೆ. ಕೈ ನಿಲ್ಲಿಸದೆ ಕೇಳಿದಳು:

“ನೀವು ಎಂದಾದ್ರೂ ಶೆಡ್ಡಿಗೆ ಬಂದಿದ್ರೇನ್ರಿ ಬಾಯಾರ?”

“ಇಲ್ಲ.”

“ಮತ್ತ ಹೆಂಗ ಬರದ್ರಿ?”

ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಮೊರ ಕೆಳಗಿಟ್ಟು, ಭಾಗ್ಯಶ್ರೀಯತ್ತ ತಿರುಗಿ ಹೇಳಿದಳು. “ಆರಸೂ ಮುಂದ ಕಾಯಿ ಚಲೋನ ಇರ್ತಾವ ತಂಗಿ. ಕಲೆ ಆಮ್ಯಾಲ ಏಳ್ತಾವ. ಈ ವರ್ಷ ತೊಯ್ದ ಕಾಯಿ ಬರಾಕತ್ಯಾವ. ಕೈಗೆ ತಣ್ಣಗ ಹತ್ತತಾವ. ನನ್ನ ಕೇಳಿದವ್ರು ಯಾರು, ನಾ ಹೇಳಾಕ?”

ಮರುದಿನ ಮುಂಜಾನೆ ಭಾಗ್ಯಶ್ರೀ ಮತ್ತು ನಾನು ಶೆಡ್ಡಿನ ಸಾಲಿನಲ್ಲಿ ಕುಳಿತೆವು. ಅಣ್ಣಾರಾಯರಿಗೆ ವಿಚಿತ್ರ ಎನಿಸಿರಬೇಕು, ಆದರೆ ತಡೆಯಲಿಲ್ಲ. ಒಂದು ಗಂಟೆಯೊಳಗೆ ನನ್ನ ಉಗುರಿನ ಸಂದಿಗಳೆಲ್ಲ ಹುಳಿಗೆ ಉರಿಯತೊಡಗಿದವು. ಪಕ್ಕದ ಹೆಂಗಸರು ನೋಡಿ ನಕ್ಕರು, ಕೊಬ್ಬರಿ ಎಣ್ಣೆ ಕೊಟ್ಟರು. ಎಂಟು ಗಂಟೆಗೆ ಹಳ್ಳಿಗಳಿಂದ ಟಂಟಂ ಗಾಡಿಗಳು ಬಂದು ಕಾಯಿ ಸುರಿದವು. ಮುಟ್ಟಿದೆ. ತಣ್ಣಗಿತ್ತು, ಒದ್ದೆಯಿತ್ತು. ಇಬ್ಬನಿ.

ಭಾಗ್ಯಶ್ರೀಯ ಕೈಯಲ್ಲಿ ಒಂದು ಕಾಯಿ ಹಾಗೇ ನಿಂತಿತ್ತು.

“ಮೇಡಂ, ನಮ್ಮಪ್ಪನೂ ಈಗ ನಸುಕಿನ್ಯಾಗ ಬ್ಯಾಟರಿ ಹಿಡಕೊಂಡು ಕಾಯಿ ಹರಿಯಾಕ ಹೋಗ್ತಾನ್ರಿ. ಮೊದಲ ಹಂಗ ಇರಲಿಲ್ಲ. ಮುಂಜಾನಿ ನ್ಯಾರಿ ತಿಂದು, ಬಿಸಲ ಬಿದ್ದ ಮ್ಯಾಲ ಹೋಗ್ತಿದ್ದ.”

“ಈಗ ಯಾಕ ಹಂಗ?”

“ಲಾರಿ ಮಧ್ಯಾಹ್ನಕ್ಕ ಬಿಡ್ತಾರಲ್ರಿ. ಹೋದ ವರ್ಷ ಸಂಜಿಗೆ ಬಿಡ್ತಿದ್ರು. ಈಗ ಒಂಬತ್ತರೊಳಗ ಮಾಲು ಶೆಡ್ಡಿಗೆ ಮುಟ್ಟಬೇಕು, ಇಲ್ಲಾಂದ್ರ ತಗೊಳ್ಳೂದುಲ್ಲ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಮಾಲು ಅರ್ಧ ದಿನ ಮೊದಲು ಮಾರುಕಟ್ಟೆ ಮುಟ್ಟಲಿ ಎಂದು ಲಾರಿಯ ಹೊತ್ತು ಬದಲಿಸಿದ್ದರು. ಲಾರಿಗಾಗಿ ರೈತರು ಇಬ್ಬನಿಯಲ್ಲೇ ಕಾಯಿ ಕೀಳುತ್ತಿದ್ದರು. ನೀರು ಕುಡಿದು ಬಿರುಸಾದ ಕಾಯಿಯ ಸಿಪ್ಪೆ ಸಣ್ಣ ಒತ್ತಡಕ್ಕೂ ಒಳಗೇ ಗಾಯಗೊಳ್ಳುತ್ತದೆ. ಕಲೆ ಮೇಲೆ ಬರಲು ಒಂದೆರಡು ದಿನ ಬೇಕು. ಅಷ್ಟು ಹೊತ್ತಿಗೆ ಅದು ಶಿವಗಂಗಮ್ಮನ ಕೈ ದಾಟಿ ನೂರಾರು ಮೈಲಿ ದೂರ ಹೋಗಿರುತ್ತದೆ. ತಪ್ಪು ಆರಿಸುವ ಕೈಗಳಲ್ಲಿ ಇರಲಿಲ್ಲ. ಲಾರಿಯ ಹೊತ್ತಿನಲ್ಲಿ ಇತ್ತು. ಆ ಹೊತ್ತನ್ನು ಗೊತ್ತು ಮಾಡಿದವರು ನಾವು ಸಹಿ ಕೇಳಬೇಕಾಗಿದ್ದ ಸಾವ್ಕಾರ್ರು.

ನಾನು ಹೇಳಲೆಂದು ಎದ್ದೇಬಿಟ್ಟೆ. ಭಾಗ್ಯಶ್ರೀ ನನ್ನ ಸೆರಗು ಹಿಡಿದು ಎಳೆದಳು.

“ಹೇಳೂದು ಬ್ಯಾಡ್ರಿ ಮೇಡಂ. ಒಮ್ಮೆ ಹೇಳಿ ನೋಡೇವಿ. ಈ ಸಲ ತೋರಸೂನು.”

ಯೋಜನೆ ಪೂರ್ತಿ ಅವಳದು. ಮರುದಿನ ಅವಳ ತಂದೆ ಒಂದೇ ಸಾಲಿನ ಗಿಡಗಳಿಂದ ಅರ್ಧ ಕಾಯಿ ಇಬ್ಬನಿಯಲ್ಲಿ ಹರಿದರು, ಅರ್ಧ ಬಿಸಿಲು ಬಿದ್ದ ಮೇಲೆ ಹರಿದರು. ಎರಡನ್ನೂ ಬೇರೆ ಬೇರೆ ಚೀಲಕ್ಕೆ ತುಂಬಿ, ಇಬ್ಬನಿಯದಕ್ಕೆ ಕೆಂಪು ದಾರ, ಬಿಸಿಲಿನದಕ್ಕೆ ಹಸಿರು ದಾರ ಕಟ್ಟಿ, ಲಾರಿಯಲ್ಲಿ ಇದ್ದಂತೆ ಇತರ ಚೀಲಗಳ ಅಡಿಗೆ ಇಟ್ಟು ಮೂರು ದಿನ ಬಿಡುವುದು. ಅವಳೇ ಹೋಗಿ ಅಣ್ಣಾರಾಯರನ್ನು ಕೇಳಿದಳು.

“ಸಾವ್ಕಾರ್ರ, ಬಿಚ್ಚೂ ಮುಂದ ನೀವ ಬಿಚ್ಚಬೇಕ್ರಿ. ಮತ್ತ ಎರಡೂ ಚೀಲ ಶಿವಗಂಗಮ್ಮನ ಆರಿಸಬೇಕು.”

ಆ ಹೆಸರು ಕೇಳಿ ಅವರ ಹುಬ್ಬು ಗಂಟಾಯಿತು. ಆದರೂ “ಒಂದ ದಿನದ ಮಟ್ಟಿಗೆ ಬರ್ಲಿ ತಗೊ” ಎಂದರು.

ನನ್ನ ರಜೆ ಮುಗಿದಿತ್ತು. ಬಾಗೇವಾಡಿಗೆ ಬಂದು ಪಾಠ ಮಾಡಿದೆ. ಏನು ಮಾಡಿದೆನೋ ದೇವರೇ ಬಲ್ಲ. ಚೀಲ ಬಿಚ್ಚುವ ದಿನ ಮುಂಜಾನೆ ಬಸ್ ನಿಲ್ದಾಣಕ್ಕೆ ಹೋದರೆ ಅಲ್ಲಿ ದೇಸಾಯಿಯವರು ಕೊಡೆ ಹಿಡಿದು ನಿಂತಿದ್ದರು.

“ನಾನೂ ಬರ್ತೇನ್ರಿ. ಸಹಿ ಹೋಗೂದಾದ್ರ ನನ್ನ ಕಣ್ಣ ಮುಂದ ಹೋಗ್ಲಿ.”

ಶೆಡ್ಡಿನಲ್ಲಿ ಕೆಲಸ ನಿಲ್ಲಿಸಿ ಎಲ್ಲರೂ ಸುತ್ತ ನಿಂತಿದ್ದರು. ಶಿವಗಂಗಮ್ಮ ಎಲ್ಲರಿಗಿಂತ ಹಿಂದೆ, ಕಂಬಕ್ಕೆ ಆತು ನಿಂತಿದ್ದಳು. ಅಣ್ಣಾರಾಯರು ಮೊದಲು ಹಸಿರು ದಾರ ಹರಿದು ಚೀಲ ಸುರಿದರು. ಹಳದಿ ಹಳದಿಯಾಗಿ ಕಾಯಿ ಉರುಳಿದವು. ಹುಡುಕಿದರೆ ಎಲ್ಲೋ ನಾಲ್ಕಾರು ಮಾತ್ರ ಕೆಟ್ಟಿದ್ದವು. ಆಮೇಲೆ ಕೆಂಪು ದಾರ. ಮೇಲಿನವು ಚೆನ್ನಾಗಿಯೇ ಕಂಡವು. ಇನ್ನಷ್ಟು ಸುರಿದರು. ಒಂದು ಹೊರಳಿತು, ಕಂದು ಕಲೆ. ಇನ್ನೊಂದು, ಮತ್ತೊಂದು, ಆಮೇಲೆ ಲೆಕ್ಕವೇ ಇಲ್ಲ. ಹೆಂಗಸರ ನಡುವೆ ಗುಸುಗುಸು ಎದ್ದಿತು.

ಅಣ್ಣಾರಾಯರು ಒಂದು ಕಾಯಿ ಎತ್ತಿಕೊಂಡು ಹೆಬ್ಬೆರಳಿನಿಂದ ಕಲೆಯನ್ನು ಉಜ್ಜಿದರು.

“ಎರಡೂ ಆಕಿನ ಆರಿಸ್ಯಾಳೇನು?”

“ಹೌದ್ರಿ” ಎಂದಳು ಭಾಗ್ಯಶ್ರೀ.

“ಗಿಡ?”

“ಒಂದ ಸಾಲಿನವ್ರಿ. ನಮ್ಮಪ್ಪ ಹರದಾನ.”

“ಮತ್ತ ಫರಕ ಏನು?”

ನನ್ನ ಬಾಯಿ ತೆರೆದಿತ್ತು. ಮುಚ್ಚಿಕೊಂಡೆ.

“ಹೊತ್ತುರಿ. ಕೆಂಪು ದಾರದ್ದು ಇಬ್ಬನ್ಯಾಗ ಹರದದ್ದು. ಹಸರದು ಬಿಸಲ ಬಿದ್ದ ಮ್ಯಾಲ.”

“ಇಬ್ಬನ್ಯಾಗ ಯಾಕ ಹರೀತಾರ ಮಂದಿ?”

ಭಾಗ್ಯಶ್ರೀ ಒಮ್ಮೆ ನನ್ನನ್ನು ನೋಡಿದಳು. ಒಮ್ಮೆ ಶಿವಗಂಗಮ್ಮನನ್ನು ನೋಡಿದಳು. ಆಮೇಲೆ ನೇರವಾಗಿ ಅಣ್ಣಾರಾಯರ ಮುಖ ನೋಡಿ ಹೇಳಿದಳು: “ನೀವು ಲಾರಿ ಮಧ್ಯಾಹ್ನಕ್ಕ ಬಿಡ್ತೀರಲ್ರಿ, ಅದಕ್ಕ.”

ದೇಸಾಯಿಯವರು ನೆಲ ನೋಡತೊಡಗಿದರು. ಅಣ್ಣಾರಾಯರು ಕಾಯಿಯನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದರು. ಕೊನೆಗೆ ಕಂಬದ ಕಡೆ ತಿರುಗಿದರು.

“ನಿನಗ ಇದು ಗೊತ್ತಿತ್ತೇನು?”

“ಗೊತ್ತಿತ್ರಿ” ಎಂದಳು ಶಿವಗಂಗಮ್ಮ.

“ಮತ್ತ ಯಾಕ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ರಿ.”

ಅಣ್ಣಾರಾಯರು ಅಲ್ಲೇ ಒಂದು ಚೀಲದ ಮೇಲೆ ಕುಳಿತುಬಿಟ್ಟರು. ಹಣೆ ಒರೆಸಿಕೊಂಡರು. ಆಮೇಲೆ ಡ್ರೈವರನನ್ನು ಕೂಗಿದ ದನಿ ಇಡೀ ಶೆಡ್ಡಿಗೆ ಕೇಳಿಸಿತು. “ಏ, ಇವತ್ತಿಂದ ಗಾಡಿ ಸಂಜಿ ಆರಕ್ಕ ಹೊಂಡ್ತೈತಿ! ಹಳ್ಳಿಗೆ ಎಲ್ಲಾ ಫೋನ ಹಚ್ಚಿ ಹೇಳು, ಬಿಸಲ ಬೀಳೂಮಟ ಗಿಡಕ್ಕ ಕೈ ಹಚ್ಚಬ್ಯಾಡ್ರಿ ಅಂತ.” ಮತ್ತೆ ಶಿವಗಂಗಮ್ಮನಿಗೆ, ಸ್ವಲ್ಪ ತಗ್ಗಿದ ದನಿಯಲ್ಲಿ, “ನಾಳಿಂದ ಬಾ. ನಾಳಿ ಯಾಕ, ಈಗ ಕೂಡು. ನನ್ನಿಂದ ತಪ್ಪಾತು” ಎಂದರು.

ಶಿವಗಂಗಮ್ಮ ಬಂದು ತನ್ನ ಜಾಗದಲ್ಲಿ ಕುಳಿತು, ಸೆರಗು ಸಿಕ್ಕಿಸಿಕೊಂಡು, ಮುಂದಿನ ರಾಶಿಯನ್ನು ಎಳೆದುಕೊಂಡಳು. ಭಾಗ್ಯಶ್ರೀ ಓಡಿಹೋಗಿ ಪಕ್ಕದಲ್ಲಿ ಕುಳಿತಳು. ಆಗ ಮಾತ್ರ ಅವಳು ಅತ್ತಳು.

ಪ್ರಮಾಣಪತ್ರದಲ್ಲಿ ‘ಪ್ರಶಿಕ್ಷಣಾರ್ಥಿಯ ನಡತೆ’ ಎಂಬ ಖಾಲಿ ಜಾಗವಿತ್ತು. ಎಲ್ಲರೂ ‘ಉತ್ತಮ’ ಎಂದು ಬರೆಯುವ ಜಾಗ. ಅಣ್ಣಾರಾಯರು ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿ ಬರೆದರು: ‘ಈಕೆ ನನ್ನ ತಪ್ಪು ನನಗೆ ತೋರಿಸಿದಳು. ಮುಂದಿನ ವರ್ಷವೂ ಇಂಥವರನ್ನೇ ಕಳಿಸಿರಿ.’ ವಿಶ್ವವಿದ್ಯಾಲಯದ ತಂಡ ಬಂದಾಗ ನಾವು ಜೋಡಿಸಿಟ್ಟಿದ್ದ ದಪ್ಪ ಫೈಲುಗಳನ್ನು ಯಾರೂ ಸರಿಯಾಗಿ ನೋಡಲಿಲ್ಲ. ಆ ಒಂದು ಹಾಳೆ ಮಾತ್ರ ಕೈಯಿಂದ ಕೈಗೆ ಹೋಯಿತು. ಕೋರ್ಸು ಉಳಿಯಿತು.

ಎಲ್ಲವೂ ಹೀಗೆ ಗೆದ್ದ ಕಥೆಯೇ ಎಂದು ತಿಳಿಯಬೇಡಿ. ಎರಡನೇ ಬ್ಯಾಚಿನಲ್ಲಿ ಒಂದು ಬೇಳೆ ಮಿಲ್ಲಿಗೆ ಹಚ್ಚಿದ್ದ ಹುಡುಗನನ್ನು ಮಾಲೀಕ ನಾಲ್ಕು ತಿಂಗಳು ಮನೆಯ ಕಾಯಿಪಲ್ಲೆ ತರಲು, ಕಾರು ತೊಳೆಯಲು ಬಳಸಿಕೊಂಡ. ಹುಡುಗ ಹೆದರಿ ವಹಿಯಲ್ಲಿ ವಾರವಾರವೂ ‘ಕೆಲಸ ಚೆನ್ನಾಗಿದೆ’ ಎಂದು ಬರೆಯುತ್ತಿದ್ದ. ನಾನು ವಹಿಯನ್ನು ನಂಬಿ ಆ ಕಡೆ ಹೋಗಲಿಲ್ಲ. ಗೊತ್ತಾಗುವ ಹೊತ್ತಿಗೆ ಅವನು ಕಾಲೇಜು ಬಿಟ್ಟಿದ್ದ. ಮನೆಗೆ ಹೋಗಿ ಕರೆದೆ, ಬರಲಿಲ್ಲ. ಇಂಥ ಡಿಗ್ರಿಗೆ ಕಲಿಸಲು ಹೊಸದಾಗಿ ಬಂದಿರುವ ಉಪನ್ಯಾಸಕರಿಗೆ ನಾನು ಕೈಮುಗಿದು ಹೇಳುವುದು ಒಂದೇ: ಹುಡುಗರ ವಹಿ ಓದಿ, ಆದರೆ ಬಸ್ಸು ಹತ್ತಿ ಹೋಗಿ ನೋಡಿ.

ಮುಂದಿನ ವರ್ಷ ‘ಗುಣಮಟ್ಟ ನಿಯಂತ್ರಣ’ದ ಪಾಠಕ್ಕೆ ಶಿವಗಂಗಮ್ಮನನ್ನು ಕಾಲೇಜಿಗೆ ಕರೆಸುತ್ತೇನೆ ಎಂದೆ. ದೇಸಾಯಿಯವರು ಕನ್ನಡಕ ತೆಗೆದರು. “ಸಾಲಿ ಕಟ್ಟಿ ಹತ್ತದಾಕಿನ್ನ ಡಿಗ್ರಿ ಕ್ಲಾಸಿಗೇನ್ರಿ?” ಆದರೂ ಬೇಡ ಎನ್ನಲಿಲ್ಲ. ಅವಳು ಭಾಗ್ಯಶ್ರೀಯ ಜೊತೆ ಬಸ್ಸಿನಲ್ಲಿ ಬಂದಳು, ಒಂದು ಬುಟ್ಟಿ ಲಿಂಬೆ ಹೊತ್ತು. ವೇದಿಕೆ ಹತ್ತಲು ಒಪ್ಪಲಿಲ್ಲ. ನೆಲದ ಮೇಲೆ ಚಾಪೆ ಹಾಸಿ, ಹುಡುಗರನ್ನು ಸುತ್ತ ಕೂಡಿಸಿಕೊಂಡು, “ಕಣ್ಣ ಮುಚ್ಚರಿ. ಈಗ ಕೈಯಾಗಿನ ಕಾಯಿ ಹೆಂಗೈತಿ ಹೇಳ್ರಿ” ಎಂದಳು. ಒಂದು ತಾಸಿನ ಪಾಠ ಎರಡು ತಾಸಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ದೇಸಾಯಿಯವರು ಯಾವಾಗಲೋ ಒಳಗೆ ಬಂದು, ಚಪ್ಪಲಿ ಬಿಟ್ಟು, ಚಾಪೆಯ ಅಂಚಿಗೆ ಕುಳಿತು ಕಣ್ಣು ಮುಚ್ಚಿಕೊಂಡಿದ್ದರು. ಹೋಗುವಾಗ ಶಿವಗಂಗಮ್ಮ ಅವರಿಗೆ, “ನಿಮ್ಮ ಕೈ ಚಲೋ ಐತ್ರಿ ಸರ, ಕಲತರ ಬರ್ತೈತಿ” ಎಂದಳು. ಆ ಮೇಲೆ ನನ್ನ ಕಡೆಯೂ ನೋಡಿ ನಕ್ಕಳು. ಅವಳು ನನ್ನನ್ನು ಕ್ಷಮಿಸಿದ್ದು ಆ ದಿನ ಎಂದುಕೊಂಡಿದ್ದೇನೆ.

ಭಾಗ್ಯಶ್ರೀ ಈಗ ಇಂಡಿಯಲ್ಲಿ ಲಿಂಬೆ ಬೆಳೆಗಾರರ ಒಂದು ಕೂಟದಲ್ಲಿ ಮಾಲು ತೆಗೆದುಕೊಳ್ಳುವ ಕೆಲಸದ ಮುಖ್ಯಸ್ಥೆ. ಸಿದ್ಧಾರೂಢ ಶಂಕ್ರಪ್ಪನವರ ಎರಡನೇ ಅಂಗಡಿ ನೋಡಿಕೊಳ್ಳುತ್ತಾನೆ. ಹೊಸಬರಿಗೆ ಮೊದಲ ದಿನ ಗಾದಿ ಜಾಡಿಸಲು ಹಚ್ಚುತ್ತಾನಂತೆ, ಯಾಕೆ ಎಂದು ಮಾತ್ರ ಹೇಳುವುದಿಲ್ಲವಂತೆ.

ನನ್ನ ಸೇವೆಯ ಕೊನೆಯ ದಿನ ಸಂಜೆ ನಾಲ್ಕಕ್ಕೆ ಕಾಲೇಜಿನಲ್ಲಿ ಸನ್ಮಾನ ಇಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ಮೂರನೇ ಬ್ಯಾಚಿನ ರೇಷ್ಮಾ. ಮುದ್ದೇಬಿಹಾಳದ ಒಂದು ಖಾಸಗಿ ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಕೆಲಸ ಕಲಿಯುತ್ತಿದ್ದವಳು.

“ಮೇಡಂ, ಡಾಕ್ಟರ ಒಪ್ಪ್ಯಾರ್ರಿ! ಬರೇ ರಿಪೋರ್ಟ್ ತೋರಸೋರಿಗೆ ಬ್ಯಾರೆ ಸಾಲು, ಹೊಸಾ ಪೇಶಂಟಿಗೆ ಬ್ಯಾರೆ ಸಾಲು. ಇವತ್ತ ಮೂರಕ್ಕ ಶುರು. ಒಂದ ದಿನ ಮಾಡಿ ನೋಡು, ಆಗಲಿಲ್ಲಂದ್ರ ತಗದಬಿಡ್ತೇನಿ ಅಂದಾರ. ನೀವು ಬರ್ತೀರೇನ್ರಿ?”

ಎರಡು ತಿಂಗಳಿಂದ ಅವಳು ಆ ಸಾಲನ್ನು ನೋಡುತ್ತಿದ್ದಳು. ಒಂದು ಕಾಗದ ತೋರಿಸಲು ಮುದುಕರು ಎರಡೆರಡು ತಾಸು ನಿಲ್ಲುತ್ತಿದ್ದರು. ಮೂರಕ್ಕೆ ನೋಡಿ ನಾಲ್ಕಕ್ಕೆ ತಿರುಗಿ ಬರುವುದು ಆಗದ ಮಾತು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಸ್ಸು ಹತ್ತಿದೆ.

ಸಾಲು ಬಾಗಿಲು ದಾಟಿ ರಸ್ತೆಯವರೆಗೆ ಇತ್ತು. ರೇಷ್ಮಾ ಹಗ್ಗ ಕಟ್ಟಿ ಎರಡು ಮಾಡಿದ್ದಳು. ಮೊದಲ ಒಂದೂವರೆ ತಾಸು ಬರೀ ಗೊಂದಲ, ಕೂಗಾಟ. ಒಬ್ಬರು ಹಗ್ಗವನ್ನೇ ಕಿತ್ತರು. ಅವಳು ಮತ್ತೆ ಕಟ್ಟಿ, ಒಬ್ಬೊಬ್ಬರ ಹತ್ತಿರ ಹೋಗಿ ಕೇಳಿ ಕೇಳಿ ನಿಲ್ಲಿಸಿದಳು. ನಾನು ರಿಪೋರ್ಟಿನ ಸಾಲಿನಲ್ಲಿ ಒಬ್ಬ ಅಜ್ಜಿಯ ಹಿಂದೆ ನಿಂತು ಹೊತ್ತು ನೋಡುತ್ತ ಮುಂದೆ ಸರಿದೆ. ದೇಸಾಯಿಯವರ ಫೋನು ಬಂತು. “ಎಲ್ಲಿದ್ದೀರ್ರಿ? ಹಾರ ಬಾಡಾಕತ್ತೈತಿ, ಮಂದಿ ಕುಂತಾರ!”

“ಸಾಲಿನ್ಯಾಗ ನಿಂತೇನ್ರಿ ಸರ” ಎಂದೆ. ಆ ಕಡೆ ನಗು. “ಎಷ್ಟ ಮಂದಿ ಅದಾರ ಮುಂದ?” ಎಂದು ಕೇಳಿದರು.

ಅಜ್ಜಿ ಒಳಗೆ ಹೋದಳು, ಹೊರಗೆ ಬಂದಳು. ಸಾಲಿಗೆ ನಿಂತು ಅರ್ಧ ತಾಸೂ ಆಗಿರಲಿಲ್ಲ. ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ರೇಷ್ಮಾಳನ್ನು ನೋಡಿ, “ಇವತ್ತ ಲಗೂನ ಆತಲ್ಲವ್ವಾ! ಊರ ಬಸ್ಸು ಸಿಗತೈತಿ ನನಗ” ಎಂದಳು. ರೇಷ್ಮಾ ಕೌಂಟರು ಬಿಟ್ಟು ಓಡಿಬಂದು ನನ್ನ ಎರಡೂ ಕೈ ಹಿಡಿದಳು.

ಗಡಿಯಾರ ನೋಡಿದೆ. ಐದು ಹತ್ತು. ಐದಕ್ಕೆ ಕಾಲೇಜು ಬಿಟ್ಟಿತ್ತು; ನನ್ನ ನೌಕರಿ ಮುಗಿದು ಹತ್ತು ನಿಮಿಷ ಆಗಿತ್ತು. ನಾನು ಹೊರಗೆ ಹೋಗಿ, ಹೊಸ ಪೇಶಂಟುಗಳ ಸಾಲಿನ ಕೊನೆಯಲ್ಲಿದ್ದ ಒಬ್ಬ ಅಜ್ಜನ ಹಿಂದೆ ನಿಂತೆ.